ಹದಿನೇಳನೇ ಪಂದ್ಯ ಯಾರ ಅಂಗಳದಲ್ಲಿ?

2023ರ ಜನವರಿ 8. ಸಿನ್ಸಿನಾಟಿ ಬೆಂಗಾಲ್ಸ್ ತಂಡದ ಜೋ ಮಿಕ್ಸನ್ ಟಚ್‌ಡೌನ್ ಗಳಿಸಿದ್ದೇ ತಡ, ಕೈಗವಸಿನಿಂದ ನಾಣ್ಯವೊಂದನ್ನು ಹೊರತೆಗೆದು ಗಾಳಿಗೆ ಚಿಮ್ಮಿದರು. ಅಮೆರಿಕದ ವೃತ್ತಿಪರ ಫುಟ್‌ಬಾಲ್ ನಡೆಸುವ ಎನ್‌ಎಫ್‌ಎಲ್ ಅವರಿಗೆ ದಂಡ ಹಾಕಿತು. ಅಣಕವಾಡಿದ್ದು ಲೀಗ್‌ನ ತೀರ್ಮಾನವನ್ನೇ!

ಅದಕ್ಕೆ ಆರು ದಿನ ಮೊದಲು, ಇದೇ ಬೆಂಗಾಲ್ಸ್ ವಿರುದ್ಧ ಆಡುತ್ತಿದ್ದ ಬಫಲೊ ಬಿಲ್ಸ್‌ನ ಡಮಾರ್ ಹ್ಯಾಮ್ಲಿನ್ ಹೃದಯ ಸ್ತಂಭನವಾಗಿ ಮೈದಾನದಲ್ಲೇ ಕುಸಿದಿದ್ದರು. ಅವರು ಬದುಕುಳಿದು ಮುಂದೆ ಆಟಕ್ಕೂ ಮರಳಿದರು; ಆ ಪಂದ್ಯ ಮಾತ್ರ ರದ್ದಾಯಿತು. ಉಳಿದ 30 ತಂಡಗಳು ತಲಾ 17 ಪಂದ್ಯ ಆಡಿದರೆ ಇವೆರಡರದ್ದು 16ಕ್ಕೇ ನಿಂತಿತು. ಆ ಕೊರತೆ ತುಂಬಲು ಲೀಗ್ ಮಾಡಿದ ಕಸರತ್ತು ನೋಡಬೇಕು. ಬಾಲ್ಟಿಮೋರ್ ರೇವನ್ಸ್ ಕೊನೆಯ ವಾರ ಬೆಂಗಾಲ್ಸನ್ನು ಸೋಲಿಸಿ, ಇಬ್ಬರೂ ಪ್ಲೇಆಫ್‌ನ ಮೊದಲ ಸುತ್ತಿನಲ್ಲಿ ಮತ್ತೆ ಎದುರಾದರೆ, ಆಟ ಯಾರ ಅಂಗಳದಲ್ಲಿ ಎಂಬುದಕ್ಕೆ ಟಾಸ್! ಬಿಲ್ಸ್ ಮತ್ತು ಕಾನ್ಸಸ್ ಸಿಟಿ ಚೀಫ್ಸ್ ಕಾನ್ಫರೆನ್ಸ್ ಫೈನಲ್‌ನಲ್ಲಿ ಸೆಣಸುವಂತಾದರೆ ಅಟ್ಲಾಂಟಾದ ತಟಸ್ಥ ಮೈದಾನ. ಬೆಂಗಾಲ್ಸ್ ಮೊದಲು ರೇವನ್ಸನ್ನೂ ಆಮೇಲೆ ಬಿಲ್ಸನ್ನೂ ಮಣಿಸಿದ್ದರಿಂದ ಎರಡೂ ಬೇಕಾಗಲಿಲ್ಲ. 272 ಪಂದ್ಯಗಳ ಪಟ್ಟಿಯಲ್ಲಿ ಒಂದು ಬಿದ್ದುಹೋದದ್ದಕ್ಕೆ ಇಷ್ಟೆಲ್ಲ ಪಾಡು.

ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ಗೆ ನ್ಯಾಯದ ಲೆಕ್ಕ ಸುಲಭ. 20 ತಂಡ, ಪ್ರತಿಯೊಂದೂ ಉಳಿದೆಲ್ಲವುಗಳ ಜತೆ ತವರಿನಲ್ಲೊಮ್ಮೆ, ಹೊರಗೊಮ್ಮೆ. 38 ಪಂದ್ಯಕ್ಕೆ ಲೆಕ್ಕ ಚುಕ್ತಾ. ಎನ್‌ಎಫ್‌ಎಲ್‌ನಲ್ಲಿರುವುದು 32 ತಂಡ. ಮೈಗೆ ಮೈ ಅಪ್ಪಳಿಸುವ ಈ ಆಟವನ್ನು ವಾರಕ್ಕೊಂದರಂತೆ ಆಡುವುದೇ ಕಷ್ಟ. 31 ಎದುರಾಳಿಗಳನ್ನೂ ಎದುರಿಸುವ ಮಾತೇ ಇಲ್ಲ. ನಮ್ಮ ಐಪಿಎಲ್‌ನಲ್ಲೂ ತಂಡಗಳು ಹತ್ತಾದ ಮೇಲೆ ಆರ್‌ಸಿಬಿ ತನ್ನ 14 ಪಂದ್ಯಗಳಲ್ಲಿ ಐದು ತಂಡಗಳೊಂದಿಗೆ ಎರಡೆರಡು ಸಲ, ನಾಲ್ಕರೊಂದಿಗೆ ಒಂದೊಂದೇ ಸಲ ಆಡುತ್ತದೆ. ಹೀಗೆ ಎಲ್ಲರೂ ಎಲ್ಲರೊಂದಿಗೆ ಸಮಾನವಾಗಿ ಆಡಲಾಗದಿದ್ದಾಗ ಸರದಿಯ ಮೊರೆಹೋಗಬೇಕು.

ಎನ್‌ಎಫ್‌ಎಲ್‌ನ ಸರದಿ ಜಾಣತನದ್ದೇ. ಎಎಫ್‌ಸಿ, ಎನ್‌ಎಫ್‌ಸಿ ಎಂಬ ಎರಡು ಕಾನ್ಫರೆನ್ಸ್, ನಾಲ್ಕು ನಾಲ್ಕು ತಂಡಗಳ ಎಂಟು ವಿಭಾಗ. ಸ್ವಂತ ವಿಭಾಗದವರೊಂದಿಗೆ ಎರಡೆರಡು ಸಲದಂತೆ ಆರು ಪಂದ್ಯ. ತನ್ನದೇ ಕಾನ್ಫರೆನ್ಸಿನ ಒಂದು ವಿಭಾಗದೊಂದಿಗೆ ನಾಲ್ಕು, ಆಚೆ ಕಾನ್ಫರೆನ್ಸಿನ ಒಂದು ವಿಭಾಗದೊಂದಿಗೆ ನಾಲ್ಕು. ಇವು ವರ್ಷವರ್ಷ ಬದಲಾಗುತ್ತವೆ. ಮಿಕ್ಕವು ಹಿಂದಿನ ವರ್ಷದ ಸ್ಥಾನ ನೋಡಿ: ಮೊದಲಿಗರಿಗೆ ಮೊದಲಿಗರು, ಕೊನೆಯವರಿಗೆ ಕೊನೆಯವರು. 1978ರಿಂದ ನಡೆದುಬಂದಿದ್ದ 16 ಪಂದ್ಯಗಳ ಪದ್ಧತಿಗೆ 2021ರಲ್ಲಿ ಸೇರಿದ ಹದಿನೇಳನೆಯದೂ ಇದೇ ಜಾತಿಯದು. ಆ ವರ್ಷ ಚೀಫ್ಸ್‌ಗೆ ಹೆಚ್ಚುವರಿಯಾಗಿ ಸಿಕ್ಕಿದ್ದು ಗ್ರೀನ್ ಬೇ ಪ್ಯಾಕರ್ಸ್. ಇಬ್ಬರೂ ಹಿಂದಿನ ವರ್ಷ ತಂತಮ್ಮ ವಿಭಾಗ ಗೆದ್ದವರು. ಗೆದ್ದ ತಪ್ಪಿಗೆ ಕಠಿಣ ಎದುರಾಳಿ ಎನ್ನೋಣವೇ?

ಆದರೆ 17 ಬೆಸ ಸಂಖ್ಯೆ. ತವರಿನಲ್ಲಿ ಒಬ್ಬರಿಗೆ ಒಂಬತ್ತು ಸಿಕ್ಕರೆ ಇನ್ನೊಬ್ಬರಿಗೆ ಎಂಟೇ. ಇದನ್ನು ತಂಡ ತಂಡಕ್ಕೆ ಹಂಚದೆ ಕಾನ್ಫರೆನ್ಸಿಗೆ ಹಂಚಿದ್ದು ಮೆಚ್ಚಬೇಕಾದ ಉಪಾಯ. 2021ರಲ್ಲಿ ಎಎಫ್‌ಸಿಯ ಹದಿನಾರೂ ತಂಡಗಳಿಗೆ ಒಂಬತ್ತು, ಮರುವರ್ಷ ಎನ್‌ಎಫ್‌ಸಿಯ ಸರದಿ. ಪ್ಲೇಆಫ್ ಸ್ಥಾನಕ್ಕೆ ಪೈಪೋಟಿ ನಡೆಯುವುದು ಕಾನ್ಫರೆನ್ಸಿನ ಒಳಗೇ ಆದ್ದರಿಂದ ನೇರ ಪ್ರತಿಸ್ಪರ್ಧಿಗಳ ನಡುವೆ ಹೆಚ್ಚುಕಡಿಮೆ ಇಲ್ಲ.

ತಕರಾರು ಉಳಿದಿರುವುದು ವಿಶ್ರಾಂತಿಯಲ್ಲಿ. ಭಾನುವಾರ ಆಡಿ ಗುರುವಾರವೇ ಮತ್ತೆ ಕಣಕ್ಕಿಳಿಯಬೇಕಾದ ತಂಡಗಳಿವೆ. ಬಿಡುವಿನ ವಾರ ಮುಗಿಸಿ ಮೈಕೈ ಹಗುರಾಗಿ ಬರುವ ಎದುರಾಳಿ ಒಂದು ಸಲ ಸಿಕ್ಕರೆ ಅದೃಷ್ಟವೆನ್ನಬಹುದು. ಪದೇಪದೇ ಸಿಕ್ಕರೆ ತರಬೇತುದಾರರು ಸಿಡಿಮಿಡಿಗೊಳ್ಳದೇ ಇರುತ್ತಾರೆಯೇ? ಹಿಂದೆ ವ್ಯಾಲ್ ಪಿಂಚ್‌ಬೆಕ್ ಎಂಬ ಅಧಿಕಾರಿ ಹಲಗೆಯ ಮೇಲೆ ತಂಡಗಳ ಹೆಸರಿನ ಚೀಟಿಗಳನ್ನು ಸಿಕ್ಕಿಸಿ, ಕಿತ್ತು, ಮತ್ತೆ ಸಿಕ್ಕಿಸಿ ಪಟ್ಟಿ ಕಟ್ಟುತ್ತಿದ್ದರು. ಈಗ ಆ ಕೆಲಸ ಸಾವಿರಾರು ಕಂಪ್ಯೂಟರ್‌ಗಳದ್ದು. ಥ್ಯಾಂಕ್ಸ್‌ಗಿವಿಂಗ್ ದಿನ ಡೆಟ್ರಾಯಿಟ್ ಮತ್ತು ಡಲ್ಲಾಸ್ ತವರಿನಲ್ಲೇ ಆಡಬೇಕು, ಜೈಂಟ್ಸ್ ಮತ್ತು ಜೆಟ್ಸ್ ಒಂದೇ ಕ್ರೀಡಾಂಗಣ ಹಂಚಿಕೊಳ್ಳಬೇಕು, ಸಂಗೀತ ಕಛೇರಿಗೆ ಕೊಟ್ಟ ಮೈದಾನದ ತಂಟೆಗೆ ಹೋಗಬಾರದು. ಜತೆಗೆ ಟಿವಿ ವಾಹಿನಿಗಳಿಗೆ ಒಳ್ಳೆಯ ಪಂದ್ಯ ಬೇಕು. ಇಷ್ಟನ್ನೂ ಸಂಭಾಳಿಸಿದ ಮೇಲೆ ಆಟಗಾರರ ನಿದ್ದೆ, ನೋವಿನ ಸರದಿ.

1993ರಲ್ಲಿ ಲೀಗ್ ಪ್ರತಿ ತಂಡಕ್ಕೂ ಎರಡು ಬಿಡುವಿನ ವಾರ ಕೊಟ್ಟು ನೋಡಿತ್ತು. ಒಂದೇ ವರ್ಷಕ್ಕೆ ಕೈಬಿಟ್ಟಿತು. 18ನೇ ಪಂದ್ಯದ ಮಾತಾಡುತ್ತಿರುವ ಕಮಿಷನರ್ ರೋಜರ್ ಗುಡೆಲ್, ಅಭ್ಯಾಸ ಪಂದ್ಯಗಳನ್ನು ಮೂರರಿಂದ ಎರಡಕ್ಕೆ ಇಳಿಸಿದರಾಯಿತು ಎನ್ನುವವರು. ತಾರಾ ಆಟಗಾರರು ಅಭ್ಯಾಸ ಪಂದ್ಯಗಳಲ್ಲಿ ಆಡುವುದೇ ಅಪರೂಪ. ಅಂಥದ್ದೊಂದನ್ನು ತೆಗೆದರೆ ಅವರ ಮೈಗೆ ದಕ್ಕುವ ವಿರಾಮ ಅಷ್ಟಕ್ಕಷ್ಟೆ. ಎರಡನೇ ಬಿಡುವಿನ ವಾರವಿಲ್ಲದೆ 18 ತರುವುದು ಸರಿಯಲ್ಲ. 17 ಪಂದ್ಯಗಳಿಗೆ ದಾರಿ ತೆರೆದ 2020ರ ಒಪ್ಪಂದವೇ ಆಟಗಾರರ ಮತದಾನದಲ್ಲಿ ಪಾಸಾಗಿದ್ದು 1,019–959ರಿಂದ, ಬರೀ 60 ಮತಗಳ ಅಂತರದಲ್ಲಿ.

18 ಸಮ ಸಂಖ್ಯೆಯಾದ್ದರಿಂದ ತವರಿನ ಜಗಳ ಮುಗಿಯುತ್ತದೆ ಎನ್ನುವವರೂ ಇದ್ದಾರೆ. ಆದರೆ ವರ್ಷಕ್ಕೆ 16 ಪಂದ್ಯಗಳನ್ನು ವಿದೇಶದಲ್ಲಿ ಆಡಿಸುವುದು ಗುಡೆಲ್ ಅವರ ಇನ್ನೊಂದು ಗುರಿ; ಅಂದರೆ ತಂಡಕ್ಕೊಂದು. ಈಗಿನ 17ರಲ್ಲಿ ಅದನ್ನು ಮಾಡಿದರೆ ತವರಿನಲ್ಲಿ ಎಂಟು, ಹೊರಗೆ ಎಂಟು, ವಿದೇಶದಲ್ಲಿ ಒಂದು ಎಂದು ಸಲೀಸಾಗಿ ಹೊಂದುತ್ತದೆ. 18ರಲ್ಲಿ ಒಂದನ್ನು ವಿದೇಶಕ್ಕೆ ಬಿಟ್ಟುಕೊಟ್ಟರೆ ದೇಶದೊಳಗೆ ಉಳಿಯುವುದು ಮತ್ತದೇ ಬೆಸ ಸಂಖ್ಯೆ 17.