ಚಿಗರಿ ನೋಡುವ ಕಣ್ಣಿಗೆ ಪರೀಕ್ಷೆ

ಜಿಂಕೆ ಬೇಟೆಗೂ ಪರೀಕ್ಷೆಯಿದೆ ಎಂದರೆ ನಿಮಗೆ ನಗು ಬರಬಹುದು. ಬ್ರಿಟನ್ನಿನಲ್ಲಿ ಇದೆ. ಅಲ್ಲಿ ತೋಳ, ಲಿಂಕ್ಸ್‌ಗಳು ಎಂದೋ ನಿರ್ನಾಮವಾದವು. ಹಿಡಿದು ತಿನ್ನುವವರಿಲ್ಲದೆ ಜಿಂಕೆಗಳು ಹೆಚ್ಚಿ, ಎಳೆಯ ಗಿಡಗಳನ್ನೆಲ್ಲ ಮೇಯುತ್ತವೆ. ಆದ್ದರಿಂದ ಕಾನೂನಿನ ಮಿತಿಯೊಳಗೆ ಬೇಟೆಯುಂಟು. ಎರಡು ಹಂತಗಳ ‘ಡಿಯರ್ ಸ್ಟಾಕಿಂಗ್ ಸರ್ಟಿಫಿಕೇಟ್’ ಎಂಬ ಅರ್ಹತಾ ಪತ್ರವೂ ಉಂಟು. ಸ್ವಾರಸ್ಯವೆಂದರೆ, ಮೊದಲ ಹಂತದಲ್ಲಿ ಗುಂಡು ಹೊಡೆಯುವುದು ಒಂದು ಭಾಗ ಮಾತ್ರ. ಪ್ರಾಣಿಯ ಜೀವನಕ್ರಮ, ಕಾನೂನು, ಸುರಕ್ಷತೆ ಇವುಗಳ ಮೇಲೆ ಪ್ರಶ್ನೆಗಳಿರುತ್ತವೆ. ಚಿತ್ರ ತೋರಿಸಿ ಜಾತಿ ಯಾವುದು, ಗಂಡೋ ಹೆಣ್ಣೋ ಎಂದು ಕೇಳುತ್ತಾರೆ. ಗುರಿಯ ಹಿಂದೆ ಗುಂಡನ್ನು ತಡೆಯುವ ಮಣ್ಣಿನ ದಿಬ್ಬವಿದೆಯೇ ಎಂದು ನೋಡದವನು ಅಲ್ಲಿ ಉತ್ತೀರ್ಣನಾಗಲಾರ.

ನಮ್ಮಲ್ಲಿ ಈ ಬಂದೂಕಿನ ಭಾಗಕ್ಕೆ ಅವಕಾಶವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಕೃಷ್ಣಮೃಗವಿದೆ. ಅದನ್ನು ಕೊಂದವರಿಗೆ ಮೂರರಿಂದ ಏಳು ವರ್ಷಗಳವರೆಗೆ ಸೆರೆವಾಸ. ಆದರೆ ಉಳಿದ ಭಾಗಗಳು? ಬೇಡ ನಾಯಕರು ಆಳಿದ ಸುರಪುರದ ಸೀಮೆಯಲ್ಲಿ ಹೆಜ್ಜೆ ನೋಡಿ ಪ್ರಾಣಿ ಹೇಳುವ ವಿದ್ಯೆ ಹೊಸದೇನಲ್ಲ. ಆ ವಿದ್ಯೆ ಇಂದಿಗೂ ಬೇಕು, ಕೊಲ್ಲುವುದಕ್ಕಲ್ಲ, ಎಣಿಸುವುದಕ್ಕೆ. ಮುದನಾಳದಂಥ ಊರಿನ ರೈತ ತೊಗರಿ ಹೊಲ ಹಾಳಾಯಿತೆಂದು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಟ್ಟಾಗ ಮೊದಲು ಏಳುವ ಪ್ರಶ್ನೆ, ತಿಂದದ್ದು ಚಿಗರಿಯೋ ಹಂದಿಯೋ ಎಂಬುದೇ. ಬಯಲಲ್ಲಿ ಎಷ್ಟು ಚಿಗರಿಗಳಿವೆ ಎಂಬುದು ಗೊತ್ತಿಲ್ಲದೆ, ಹೆಚ್ಚಾದವೋ ಕಡಿಮೆಯಾದವೋ ಎಂದು ವಾದಿಸಿ ಫಲವೇನು?

ಮೊದಲು ಗುರುತು. ನಮ್ಮ ಚಿಗರಿ, ಅಂದರೆ ಕೃಷ್ಣಮೃಗ, ಶಾಸ್ತ್ರದ ಪ್ರಕಾರ ಜಿಂಕೆಯೇ ಅಲ್ಲ. ಚುಕ್ಕೆ ಜಿಂಕೆ, ಕಡವೆಗಳ ಗಂಡುಗಳಿಗೆ ಕವಲೊಡೆದ ಕೊಂಬು. ಅದು ಉದುರಿ ಮತ್ತೆ ಹುಟ್ಟುತ್ತದೆ. ಚಿಗರಿಯದು ತಿರುಚಿದ, ಕವಲಿಲ್ಲದ, ಉದುರದ ಕೊಂಬು. ಸಾಮಾನ್ಯವಾಗಿ ಹೆಣ್ಣಿಗೆ ಕೊಂಬಿಲ್ಲ. ಗಂಡು ಮರಿ ತಾಯಿಯ ಬಣ್ಣದಲ್ಲೇ ಬೆಳೆದು ಮೂರನೆಯ ವರ್ಷದ ಹೊತ್ತಿಗೆ ಕಪ್ಪಾಗುತ್ತದೆ. ಬೇಸಿಗೆಯಲ್ಲಿ ಆ ಕಪ್ಪೂ ಕಂದುವುದುಂಟು. ಆದ್ದರಿಂದ ಬಣ್ಣ ನೋಡಿ ಲಿಂಗ ಬರೆದವರು ತಪ್ಪುತ್ತಾರೆ; ತಲೆ ನೋಡಬೇಕು. ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯ ಚಿಂಕಾರದಲ್ಲಾದರೋ ಹೆಣ್ಣಿಗೂ ಸಣ್ಣ ಕೊಂಬುಂಟು!

ಇನ್ನು ಎಣಿಕೆ. ಹುಲಿ ಗಣತಿಯ ಸಮಯದಲ್ಲಿ ಅದರ ಆಹಾರವಾದ ಜಿಂಕೆಗಳನ್ನೂ ಲೆಕ್ಕ ಹಾಕುತ್ತಾರೆ. 2006ರಿಂದ ನಾಲ್ಕು ವರ್ಷಕ್ಕೊಮ್ಮೆ ದೇಶದಾದ್ಯಂತ ಇದು ನಡೆದುಬಂದಿದೆ. ಕಾಡಿನಲ್ಲಿ ಸುಮಾರು ಎರಡು ಕಿಲೋಮೀಟರಿನ ನೇರ ಗೆರೆ ಹಾಕಿ, ಬೆಳಗಿನ ಹೊತ್ತು ಸದ್ದಿಲ್ಲದೆ ನಡೆಯಬೇಕು. ಹಿಂಡು ಕಂಡೊಡನೆ ಎಷ್ಟು ಪ್ರಾಣಿ, ಎಷ್ಟು ದೂರ, ಗೆರೆಯಿಂದ ಎಷ್ಟು ಕೋನ ಎಂದು ಬರೆಯಬೇಕು. ಹಿಂಡು 60 ಮೀಟರ್ ದೂರದಲ್ಲಿ 30 ಡಿಗ್ರಿ ಕೋನದಲ್ಲಿದ್ದರೆ ಗೆರೆಯಿಂದ ಅದರ ಲಂಬ ದೂರ 30 ಮೀಟರ್. ಸೈನ್ 30 ಅಂದರೆ ಅರ್ಧ ತಾನೇ? ತ್ರಿಕೋನಮಿತಿ ಯಾತಕ್ಕೆ ಎಂದು ಗೊಣಗುವವರು ಇದನ್ನು ನೆನೆಯಿರಿ. ಗೆರೆಯಿಂದ ದೂರವಿದ್ದಷ್ಟೂ ಪ್ರಾಣಿಗಳು ನಮ್ಮ ಕಣ್ಣು ತಪ್ಪಿಸುತ್ತವೆ. ಎಷ್ಟು ತಪ್ಪಿಸಿದವು ಎಂಬ ಅಂದಾಜು ಈ ಲಂಬ ದೂರಗಳಿಂದಲೇ ಸಿಗುತ್ತದೆ. ಇಲ್ಲಿ ಹೊಸಬರು ಮಾಡುವ ತಪ್ಪು ಎರಡು: ದೂರವನ್ನು 50, 100 ಎಂದು ಗುಂಡಾಗಿ ಬರೆಯುವುದು, ಪ್ರಾಣಿ ಮೊದಲು ಕಂಡ ಜಾಗ ಬಿಟ್ಟು ಓಡಿಹೋಗಿ ನಿಂತ ಜಾಗವನ್ನು ಅಳೆಯುವುದು. ಎರಡೂ ಲೆಕ್ಕವನ್ನೇ ಕೆಡಿಸುತ್ತವೆ.

ಅಭ್ಯಾಸಕ್ಕೆ ಕಾಡು ಬೇಡ. ಶಾಲೆಯ ಮೈದಾನದಲ್ಲಿ 100 ಮೀಟರ್ ಅಳೆದು, ನಿಮ್ಮ ಎಷ್ಟು ಹೆಜ್ಜೆಗೆ ಅದು ಮುಗಿಯುತ್ತದೆಂದು ತಿಳಿದುಕೊಳ್ಳಿ. ಆಮೇಲೆ ದೂರದ ಮರ, ಕಂಬಗಳ ಅಂತರ ಊಹಿಸಿ, ನಡೆದು ಪರೀಕ್ಷಿಸಿ. ಗೆಳೆಯನೊಬ್ಬ ಬೇರೆಯಾಗಿ ಬರೆದುಕೊಳ್ಳಲಿ. ಇಬ್ಬರ ಅಂಕಿ ಹೊಂದುವ ತನಕ ಬಿಡಬೇಡಿ. ಚಿಗರಿ ಹೆಚ್ಚಾಗಿ ಕಣ್ಣನ್ನು ನಂಬುವ ಬಯಲ ಪ್ರಾಣಿ. ನೇರವಾಗಿ ಅದರತ್ತ ನಡೆದರೆ ಓಡುತ್ತದೆ. ಬದುವಿನ ಮರೆಯಲ್ಲಿ ಕೂತರೆ ಮೇಯುತ್ತಾ ಇರುತ್ತದೆ. ಕಡವೆಯ ವಿಷಯ ಬೇರೆ, ಅದಕ್ಕೆ ಮೂಗು ಚುರುಕು. ಒಂದು ಹಿಡಿ ಮಣ್ಣು ತೂರಿ ಗಾಳಿ ಯಾವ ಕಡೆಗಿದೆ ಎಂದು ನೋಡಿಯೇ ಹೆಜ್ಜೆ ಇಡಬೇಕು.

ಹೊಲದ ಯಜಮಾನರನ್ನು ಕೇಳದೆ ಬೆಳೆಯೊಳಗೆ ಇಳಿಯಬೇಡಿ. ಹುಲ್ಲಿನಲ್ಲಿ ಮರಿಯೊಂದು ಅಲ್ಲಾಡದೆ ಒಂಟಿಯಾಗಿ ಮಲಗಿದ್ದರೆ ಅನಾಥವೆಂದು ಎತ್ತಿಕೊಂಡು ಬರಬೇಡಿ. ತಾಯಿಯೇ ಅದನ್ನು ಅಡಗಿಸಿಟ್ಟು ಮೇಯಲು ಹೋಗಿರುತ್ತಾಳೆ; ನೀವು ಅತ್ತ ಸರಿದ ಮೇಲೆ ಹಾಲೂಡಿಸಲು ಬರುತ್ತಾಳೆ.