ಇಂಗ್ಲೆಂಡಿನ ನಾಲ್ಕನೇ ದರ್ಜೆ ಆಟಗಾರ ಮತ್ತು ನರಸಾಪುರದ ಬಸ್ಸು

ಮುಳಬಾಗಿಲಿನಲ್ಲಿ ಬೆಳಗ್ಗೆ ಐದೂವರೆಗೆ ಹೈವೇ ಪಕ್ಕ ನಿಂತರೆ ಕಂಪನಿ ಬಸ್ಸುಗಳು ಒಂದರ ಹಿಂದೊಂದು ಬರುತ್ತವೆ. ಕೆಲವು ನರಸಾಪುರಕ್ಕೆ, ಕೆಲವು ವೇಮಗಲ್‌ಗೆ, ಇನ್ನು ಕೆಲವು ಮಾಲೂರಿನ ಇಂಡಸ್ಟ್ರಿಯಲ್ ಏರಿಯಾಗೆ. ಕೊರಳಲ್ಲಿ ಐಡಿ ಕಾರ್ಡು ಹಾಕಿಕೊಂಡ ಹುಡುಗ ಹುಡುಗಿಯರು ಅರ್ಧ ನಿದ್ದೆಯಲ್ಲೇ ಹತ್ತುತ್ತಾರೆ. ಅವರಲ್ಲಿ ನನ್ನ ಗೆಳೆಯನೂ ಒಬ್ಬ. ಬಸ್ಸಿನ ಮೆಟ್ಟಿಲು ಹತ್ತುವಾಗ ಬಲಗಾಲನ್ನು ಸ್ವಲ್ಪ ಎಳೆದುಕೊಳ್ಳುತ್ತಾನೆ. ಹತ್ತು ವರ್ಷದ ಹಿಂದೆ ಅದೇ ಕಾಲನ್ನು ನೋಡಲು ನಾವು ಕೋಲಾರಕ್ಕೆ ಬಸ್ ಹಿಡಿದು ಹೋಗುತ್ತಿದ್ದೆವು.

ಅವನ ತಾಯಿಯ ತವರು ಕೆಜಿಎಫ್. ಸೋದರಮಾವ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದವರು. ಬೇಸಿಗೆ ರಜೆಯಲ್ಲಿ ಮಾವನೇ ಅವನಿಗೆ ಫುಟ್‌ಬಾಲ್ ಹಿಡಿಸಿದ್ದು. ಕಾಲೇಜು ಟೀಮಿನಲ್ಲಿ ಆಡಿದ. ಆಮೇಲೆ ಕೋಲಾರ, ಮಾಲೂರು, ಶ್ರೀನಿವಾಸಪುರ ಅಂತ ಎಲ್ಲಿ ಟೂರ್ನಮೆಂಟ್ ಇದ್ದರೂ 'ಗೆಸ್ಟ್ ಪ್ಲೇಯರ್' ಆಗಿ ಹೋಗುತ್ತಿದ್ದ. ಬಸ್ ಚಾರ್ಜು, ರಾತ್ರಿ ಊಟ, ಗೆದ್ದರೆ ಕೈಗೆ ಒಂದಿಷ್ಟು ದುಡ್ಡು. ಒಂದು ಮ್ಯಾಚಿನಲ್ಲಿ ಮಂಡಿ ತಿರುಗಿತು. ಕರೆಸಿದ್ದವರು ಆಟೋ ಹತ್ತಿಸಿ ಕಳಿಸಿದರು. ಅಲ್ಲಿಗೆ ಅವನ ಫುಟ್‌ಬಾಲ್ ಮುಗಿಯಿತು. ಆಗ ಅವನಿಗೆ 23 ವರ್ಷ.

ಈಚೆಗೆ ಅವನೊಂದು ಪ್ರಶ್ನೆ ಕೇಳಿದ. ಮೊಬೈಲಿನಲ್ಲಿ ರೆಕ್ಸ್‌ಹ್ಯಾಮ್ ಕ್ಲಬ್ಬಿನ ಡಾಕ್ಯುಮೆಂಟರಿ ನೋಡಿದ್ದನಂತೆ. "ಮಗಾ, ಇವರೇನು ಮೆಸ್ಸಿನೂ ಅಲ್ಲ, ರೊನಾಲ್ಡೊನೂ ಅಲ್ಲ. ನಾಲ್ಕನೇ ದರ್ಜೆ, ಐದನೇ ದರ್ಜೆ ಅಂತಾರೆ. ಆದ್ರೂ ಆಟ ಆಡ್ಕೊಂಡೇ ಸಂಸಾರ ಮಾಡ್ತಾರಲ್ಲ, ಅದು ಹೆಂಗೆ?"

ಒಳ್ಳೆಯ ಪ್ರಶ್ನೆ. ಕ್ರೀಡೆ ಅಂದ ಕೂಡಲೇ ನಾವು ಸ್ಟಾರ್‌ಗಳ ಬಗ್ಗೆಯೇ ಮಾತಾಡುತ್ತೇವೆ. ಒಂದು ದೇಶದ ಕ್ರೀಡಾ ವ್ಯವಸ್ಥೆ ಹೇಗಿದೆ ಅಂತ ತಿಳಿಯಬೇಕಾದರೆ ಅಲ್ಲಿನ ಸಾಧಾರಣ ಆಟಗಾರ ಹೇಗೆ ಬದುಕುತ್ತಾನೆ ಅಂತ ನೋಡಬೇಕು.

'ಜರ್ನಿ' ಅಂದರೆ ಪ್ರಯಾಣವಲ್ಲ

ಕ್ಲಬ್ಬಿನಿಂದ ಕ್ಲಬ್ಬಿಗೆ ಹೋಗುತ್ತಾ ಇಡೀ ವೃತ್ತಿಜೀವನ ಕಳೆಯುವ ಆಟಗಾರನನ್ನು ಇಂಗ್ಲೆಂಡಿನಲ್ಲಿ 'ಜರ್ನಿಮನ್' ಅನ್ನುತ್ತಾರೆ. ಊರೂರು ತಿರುಗುವುದರಿಂದ ಈ ಹೆಸರು ಬಂತು ಅಂತ ನಾನೂ ಅಂದುಕೊಂಡಿದ್ದೆ. ಆದರೆ ಪದದ ಮೂಲ ಬೇರೆ. ಫ್ರೆಂಚಿನಲ್ಲಿ 'ಜೂರ್ನೆ' ಅಂದರೆ ಒಂದು ದಿನ. ಕಸುಬು ಕಲಿತು ಮುಗಿಸಿದ, ಸ್ವಂತ ಅಂಗಡಿ ಇಲ್ಲದ, ದಿನದ ಲೆಕ್ಕಕ್ಕೆ ದುಡಿಯುವ ಕುಶಲಕರ್ಮಿಯೇ ಜರ್ನಿಮನ್. ನಮ್ಮ ಮಾತಲ್ಲಿ ಹೇಳುವುದಾದರೆ, ಕೆಲಸ ಬಲ್ಲ ದಿನಗೂಲಿ.

ಇವರು ಆಡುವ ಲೋಕ ದೊಡ್ಡದು. ಮೇಲೆ 20 ಕ್ಲಬ್ಬುಗಳ ಪ್ರೀಮಿಯರ್ ಲೀಗ್. ಅದರ ಕೆಳಗೆ ಚಾಂಪಿಯನ್‌ಶಿಪ್, ಲೀಗ್ ಒನ್, ಲೀಗ್ ಟು, ಒಂದೊಂದರಲ್ಲೂ 24 ಕ್ಲಬ್. ಒಟ್ಟು 92. ಐದನೇ ಮೆಟ್ಟಿಲು ನ್ಯಾಷನಲ್ ಲೀಗ್. ಅದರ ಕೆಳಗೆ ಪ್ರಾದೇಶಿಕ ಲೀಗುಗಳು, ಹೀಗೆ ಹಳ್ಳಿ ಮೈದಾನದವರೆಗೂ ಏಣಿ ಇಳಿಯುತ್ತದೆ. ಗೆದ್ದವರು ಮೇಲೆ ಹೋಗಬೇಕು, ಸೋತವರು ಕೆಳಗೆ ಬರಬೇಕು. ಪ್ರೀಮಿಯರ್ ಲೀಗ್ ಬಿಟ್ಟು ಅದರ ಕೆಳಗಿನ 72 ಕ್ಲಬ್ ಮಾತ್ರ ತೆಗೆದುಕೊಳ್ಳಿ. ಕ್ಲಬ್ಬಿಗೆ 22 ಆಟಗಾರರು ಅಂತ ಹಿಡಿದರೂ ಒಂದೂವರೆ ಸಾವಿರಕ್ಕೂ ಹೆಚ್ಚು ಜನರಿಗೆ ಫುಟ್‌ಬಾಲೇ ಕಸುಬು. ಅವರಲ್ಲಿ ಬಹುತೇಕರ ಹೆಸರು ನಾವ್ಯಾರೂ ಕೇಳಿಲ್ಲ.

ಒಂದು ವರ್ಷದ ಕಾಗದ

ಈ ಬದುಕು ಸುಖದ್ದು ಅಂತ ತಿಳಿಯಬೇಡಿ. ಹದಿನಾರನೇ ವಯಸ್ಸಿಗೆ ಕ್ಲಬ್ಬಿನ ಅಕಾಡೆಮಿಯಲ್ಲಿ ಎರಡು ವರ್ಷದ ತರಬೇತಿ ಸಿಗುತ್ತದೆ. ಹದಿನೆಂಟಕ್ಕೆ ಹೆಚ್ಚಿನವರಿಗೆ 'ನೀನು ಬೇಡ' ಅನ್ನುತ್ತಾರೆ. ಉಳಿದವರಿಗೂ ಒಂದು ವರ್ಷದ, ಎರಡು ವರ್ಷದ ಒಪ್ಪಂದ. ಸೀಸನ್ ಮುಗಿದ ಮೇಲೆ, ಮೇ ತಿಂಗಳಲ್ಲಿ, ಯಾರನ್ನು ಉಳಿಸಿಕೊಂಡೆವು, ಯಾರನ್ನು ಬಿಟ್ಟೆವು ಅಂತ ಕ್ಲಬ್ಬುಗಳು ಪಟ್ಟಿ ಹಾಕುತ್ತವೆ. ಪಟ್ಟಿಯಲ್ಲಿ ಹೆಸರಿಲ್ಲದವನು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಮುಂದಿನ ಊರು ಹುಡುಕಬೇಕು. ಇನ್ನೂ ಕೆಳಗಿನ ಲೀಗುಗಳಲ್ಲಿ ಹಗಲು ಬೇರೆ ಕೆಲಸ, ವಾರದಲ್ಲಿ ಎರಡು ಸಂಜೆ ಅಭ್ಯಾಸ, ಶನಿವಾರ ಮ್ಯಾಚು. ಜೇಮಿ ವಾರ್ಡಿ ಸ್ಟಾಕ್ಸ್‌ಬ್ರಿಡ್ಜ್ ಅನ್ನುವ ಸಣ್ಣ ಕ್ಲಬ್ಬಿನಲ್ಲಿ ವಾರಕ್ಕೆ 30 ಪೌಂಡಿಗೆ ಆಡುತ್ತಾ ಫ್ಯಾಕ್ಟರಿಯಲ್ಲಿ ದುಡಿಯುತ್ತಿದ್ದ. 2016ರಲ್ಲಿ ಲೆಸ್ಟರ್ ಜೊತೆ ಪ್ರೀಮಿಯರ್ ಲೀಗನ್ನೇ ಗೆದ್ದ.

ವಾರ್ಡಿಯ ಕತೆ ಎಲ್ಲರಿಗೂ ಇಷ್ಟ, ಆದರೆ ಅದು ಲಕ್ಷಕ್ಕೊಂದು. ಸಾಮಾನ್ಯ ಕತೆ ಬೇಕಿದ್ದರೆ ಜೆಫರ್ಸನ್ ಲೂಯಿಯನ್ನು ನೋಡಿ. ಮೂವತ್ತಕ್ಕೂ ಹೆಚ್ಚು ಕ್ಲಬ್ಬುಗಳಿಗೆ ಆಡಿದ ಸ್ಟ್ರೈಕರ್. 2002ರಲ್ಲಿ ನಾಲ್ಕನೇ ದರ್ಜೆಯ ಆಕ್ಸ್‌ಫರ್ಡ್ ಯುನೈಟೆಡ್‌ಗೆ ಆಡುವಾಗ ಎಫ್‌ಎ ಕಪ್ಪಿನಲ್ಲಿ ಸ್ವಿಂಡನ್ ವಿರುದ್ಧ ಗೋಲು ಹೊಡೆದ. ಆ ಗೆಲುವಿನಿಂದ ಮುಂದಿನ ಸುತ್ತಿನಲ್ಲಿ ತಂಡಕ್ಕೆ ಎದುರಾಳಿಯಾಗಿ ಸಿಕ್ಕಿದ್ದು ಆರ್ಸೆನಲ್. ಅವನು ಸುದ್ದಿಯಾಗಿದ್ದು ಹೆಚ್ಚಾಗಿ ಆ ಒಂದು ವಾರಕ್ಕೆ. ಆದರೆ ಅದಾದ ಮೇಲೂ ವರ್ಷಗಟ್ಟಲೆ ಆಡಲು ಅವನಿಗೆ ಒಂದಲ್ಲ ಒಂದು ಊರು ಸಿಗುತ್ತಲೇ ಹೋಯಿತು. ನನ್ನ ಗೆಳೆಯನಿಗೆ ಇಲ್ಲದೇ ಹೋಗಿದ್ದು ಇದೇ, ಮುಂದಿನ ಊರು.

ಯೂನಿಯನ್ ತಂದ ಬದುಕು

ಇದೆಲ್ಲ ಕ್ಲಬ್ ಮಾಲೀಕರ ಔದಾರ್ಯದಿಂದ ಬಂದದ್ದಲ್ಲ. 1901ರಲ್ಲಿ ಇಂಗ್ಲೆಂಡಿನ ಆಟಗಾರರಿಗೆ ವಾರಕ್ಕೆ 4 ಪೌಂಡಿಗಿಂತ ಹೆಚ್ಚು ಕೊಡಬಾರದು ಅಂತ ನಿಯಮ ಮಾಡಿದರು. ಒಪ್ಪಂದ ಮುಗಿದರೂ ಕ್ಲಬ್ ಬಿಡದಿದ್ದರೆ ಬೇರೆ ಕಡೆ ಆಡುವ ಹಾಗಿರಲಿಲ್ಲ. ಜೀತ ಅನ್ನಬೇಕೋ, ಕೆಲಸ ಅನ್ನಬೇಕೋ ನೀವೇ ಹೇಳಿ. ಆಟಗಾರರು 1907ರಲ್ಲಿ ಮ್ಯಾಂಚೆಸ್ಟರಿನಲ್ಲಿ ಯೂನಿಯನ್ ಕಟ್ಟಿದರು. ಅರ್ಧ ಶತಮಾನ ಬಡಿದಾಡಿ, ಜಿಮ್ಮಿ ಹಿಲ್ ನಾಯಕತ್ವದಲ್ಲಿ ಮುಷ್ಕರದ ನೋಟಿಸ್ ಕೊಟ್ಟ ಮೇಲೆ 1961ರಲ್ಲಿ ಸಂಬಳದ ಮಿತಿ ಹೋಯಿತು. ಅಷ್ಟೊತ್ತಿಗೆ ಆ ಮಿತಿ ಏರಿದ್ದು 20 ಪೌಂಡಿಗೆ ಮಾತ್ರ. ಎರಡು ವರ್ಷ ಬಿಟ್ಟು, ಜಾರ್ಜ್ ಈಸ್ಟ್‌ಹ್ಯಾಮ್ ಅನ್ನುವ ಆಟಗಾರ ಕೋರ್ಟಿನಲ್ಲಿ ಗೆದ್ದು, ಆಟಗಾರನನ್ನು ಕಟ್ಟಿಹಾಕುವ ಪದ್ಧತಿಯ ಬುಡ ಅಲ್ಲಾಡಿಸಿದ. 1995ರಲ್ಲಿ ಯುರೋಪಿನ ನ್ಯಾಯಾಲಯ ಬೋಸ್ಮನ್ ಪ್ರಕರಣದಲ್ಲಿ ಒಪ್ಪಂದ ಮುಗಿದವನು ಸ್ವತಂತ್ರ ಅಂತ ತೀರ್ಪು ಕೊಟ್ಟಿತು.

ಇವತ್ತು ಅಲ್ಲಿ ಕ್ಲಬ್ ದಿವಾಳಿಯಾದರೆ, ಅದು ಲೀಗಿನಲ್ಲಿ ಉಳಿಯಬೇಕಾದರೆ ಮೊದಲು ಆಟಗಾರರ ಬಾಕಿ ಪೂರ್ತಿ ಕೊಡಬೇಕು ಅನ್ನುವ ನಿಯಮ ಇದೆ. ಹಾಗಂತ ಎಲ್ಲ ಸರಿ ಇಲ್ಲ. ಭೈಚುಂಗ್ ಭುಟಿಯಾ ಹೆಸರು ಕೇಳಿದ್ದೀರಿ. 1999ರಲ್ಲಿ ಅವರು ಸೇರಿದ್ದು ಮೂರನೇ ದರ್ಜೆಯಲ್ಲಿದ್ದ ಬರಿ ಅನ್ನುವ ಕ್ಲಬ್ಬಿಗೆ. 1885ರಲ್ಲಿ ಹುಟ್ಟಿದ ಆ ಕ್ಲಬ್ ಸಾಲದಲ್ಲಿ ಮುಳುಗಿ 2019ರ ಆಗಸ್ಟ್‌ನಲ್ಲಿ ಲೀಗಿನಿಂದಲೇ ಹೊರಬಿತ್ತು. ಊರಿನ ಜನ ಸುಮ್ಮನೆ ಕೂರಲಿಲ್ಲ. ಹೊಸ ಕ್ಲಬ್ ಕಟ್ಟಿ ಕೆಳಗಿನ ಮೆಟ್ಟಿಲಿನಿಂದ ಶುರು ಮಾಡಿ, 2023ರಲ್ಲಿ ತಮ್ಮ ಹಳೆಯ ಮೈದಾನಕ್ಕೇ ವಾಪಸ್ ಬಂದರು. ಬರಿಯಂಥ ಕ್ಲಬ್ಬುಗಳ ಗತಿ ಪಾರ್ಲಿಮೆಂಟಿನಲ್ಲೂ ಚರ್ಚೆಯಾಗಿ, 2025ರಲ್ಲಿ ಫುಟ್‌ಬಾಲ್ ಆಡಳಿತಕ್ಕೇ ಒಂದು ಕಾನೂನು ಬಂತು, ಸ್ವತಂತ್ರ ನಿಯಂತ್ರಕನೂ ಬಂದ.

ಎರಡು ಗಣಿ ಊರುಗಳು

ಈಗ ನಮ್ಮ ಕಡೆ ಬರೋಣ. ರೆಕ್ಸ್‌ಹ್ಯಾಮ್ ವೇಲ್ಸ್‌ನ ಊರು, ಆದರೂ ಅದರ ಕ್ಲಬ್ ಆಡುವುದು ಇಂಗ್ಲಿಷ್ ಲೀಗಿನಲ್ಲಿ. ಅದೂ ಗಣಿ ಊರು. 1934ರಲ್ಲಿ ಅದರ ಪಕ್ಕದ ಗ್ರೆಸ್‌ಫರ್ಡ್ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟವಾಗಿ 266 ಜನ ಸತ್ತರು. ಮರುದಿನದ ಮ್ಯಾಚ್ ನೋಡಬೇಕು ಅಂತ ಶಿಫ್ಟ್ ಬದಲಾಯಿಸಿಕೊಂಡು ರಾತ್ರಿ ಪಾಳಿಗೆ ಇಳಿದವರೂ ಅವರಲ್ಲಿದ್ದರು. ಆ ಗಣಿ 1973ರಲ್ಲಿ ಮುಚ್ಚಿತು. ಕ್ಲಬ್ ಮುಚ್ಚಲಿಲ್ಲ. ಸಾಲದಿಂದ ಮುಳುಗುವ ಹೊತ್ತಿಗೆ, 2011ರಲ್ಲಿ, ಅಭಿಮಾನಿಗಳ ಟ್ರಸ್ಟೇ ಅದನ್ನು ಕೈಗೆ ತೆಗೆದುಕೊಂಡು ಹತ್ತು ವರ್ಷ ನಡೆಸಿತು. ಹಾಲಿವುಡ್ ನಟರು ಬಂದದ್ದು ಆಮೇಲೆ.

ಕೆಜಿಎಫ್ ಗಣಿಗಳನ್ನು 1880ರಿಂದ ಬ್ರಿಟಿಷರ ಜಾನ್ ಟೇಲರ್ ಕಂಪನಿ ನಡೆಸಿತು. 1956ರಲ್ಲಿ ಮೈಸೂರು ಸರ್ಕಾರದ ಕೈಗೆ, 1962ರಲ್ಲಿ ಕೇಂದ್ರದ ಕೈಗೆ ಬಂತು. 2001ರ ಫೆಬ್ರವರಿ 28ಕ್ಕೆ ಬೀಗ ಬಿತ್ತು. ಗಣಿ ಕಾಲೊನಿಗಳಲ್ಲಿ ಫುಟ್‌ಬಾಲ್, ಹಾಕಿ, ಬಾಕ್ಸಿಂಗ್ ಎಲ್ಲವೂ ಇದ್ದವು. ಮಾವ ಹೇಳುತ್ತಾರೆ: "ಶಿಫ್ಟ್ ಮುಗಿಸ್ಕೊಂಡು ನೇರ ಗ್ರೌಂಡಿಗೇ ಹೋಗ್ತಾ ಇದ್ವಿ. ಆಟ ಚೆನ್ನಾಗಿ ಆಡೋನಿಗೆ ಕೆಲಸಾನೂ ಸಿಗ್ತಿತ್ತು." ಆ ಎರಡನೇ ಮಾತೇ ಮುಖ್ಯ. ನಮ್ಮಲ್ಲಿ ಜರ್ನಿಮನ್ ಆಟಗಾರನಿಗೆ ಅನ್ನ ಕೊಟ್ಟಿದ್ದು ಲೀಗಲ್ಲ, ನೌಕರಿ.

ಬೆಂಗಳೂರಿನ ಕತೆಯೂ ಇದೇ. 1977ರಲ್ಲಿ ಮೊಟ್ಟಮೊದಲ ಫೆಡರೇಷನ್ ಕಪ್ ಗೆದ್ದದ್ದು ಯಾರು ಗೊತ್ತಾ? ಬೆಂಗಳೂರಿನ ಐಟಿಐ. ಟೆಲಿಫೋನ್ ತಯಾರಿಸುವ ಕಾರ್ಖಾನೆಯ ತಂಡ ಫೈನಲ್‌ನಲ್ಲಿ ಕೋಲ್ಕತ್ತಾದ ಮೋಹನ್ ಬಗಾನ್ ತಂಡವನ್ನು ಸೋಲಿಸಿತು. ಎಚ್‌ಎಎಲ್ ತಂಡ ಐ-ಲೀಗ್‌ವರೆಗೂ ಹೋಗಿತ್ತು. ಸ್ಪೋರ್ಟ್ಸ್ ಕೋಟಾದಲ್ಲಿ ಸೇರಿದವನು ಆಡುವಷ್ಟು ದಿನ ಆಡಿ, ಕಾಲು ಸೋತ ಮೇಲೆ ಅದೇ ಕಾರ್ಖಾನೆಯಲ್ಲಿ ದುಡಿದು ಪಿಂಚಣಿ ತೆಗೆದುಕೊಳ್ಳಬಹುದಿತ್ತು. ನಿಜ ಹೇಳಬೇಕೆಂದರೆ ಆ ಭದ್ರತೆ ಇಂಗ್ಲೆಂಡಿನ ಆಟಗಾರನಿಗೂ ಇರಲಿಲ್ಲ.

ಆದರೆ ಅದರಲ್ಲೊಂದು ತೊಡಕಿತ್ತು. ತಂಡ ಊರಿನದ್ದಾಗಿರಲಿಲ್ಲ, ಕಂಪನಿಯದ್ದಾಗಿತ್ತು. ಗಣಿ ಮುಚ್ಚಿದಾಗ ಅದರ ಜೊತೆ ಕಟ್ಟಿಕೊಂಡಿದ್ದ ಆಟವೂ ಅನಾಥವಾಯಿತು. ಸಾರ್ವಜನಿಕ ವಲಯದಲ್ಲಿ ಕಾಯಂ ನೇಮಕಾತಿ ಕಡಿಮೆಯಾದಂತೆ ಸಾಧಾರಣ ಆಟಗಾರನ ಅನ್ನದ ದಾರಿಯೂ ಕಿರಿದಾಯಿತು. ರೆಕ್ಸ್‌ಹ್ಯಾಮ್‌ನಲ್ಲಿ ಗಣಿ ಹೋದರೂ ಕ್ಲಬ್ ಉಳಿಯಿತು. ಕೆಜಿಎಫ್‌ನಲ್ಲಿ ಎರಡೂ ಒಟ್ಟಿಗೆ ಹೋದವು.

ನಮ್ಮ ಏಣಿಗೆ ಮೆಟ್ಟಿಲೆಲ್ಲಿ?

ಹಾಗಾದರೆ ಖಾಸಗಿ ದುಡ್ಡು ಆ ಜಾಗ ತುಂಬಿತಾ? 2014ರಲ್ಲಿ ಐಎಸ್‌ಎಲ್ ಬಂತು. ಕೆಳಗಿನ ಲೀಗಿನಿಂದ ಮೇಲೆ ಹೋಗುವ ಬಾಗಿಲು ತೆರೆದದ್ದೇ 2023ರಲ್ಲಿ. ಮೇಲಿದ್ದವರ ಸ್ಥಿತಿಯೂ ಗಟ್ಟಿ ಇಲ್ಲ ಅಂತ 2025ರ ಆಗಸ್ಟ್‌ನಲ್ಲಿ ಗೊತ್ತಾಯಿತು. ಫೆಡರೇಷನ್ ಮತ್ತು ಲೀಗ್ ನಡೆಸುವ ಕಂಪನಿಯ ನಡುವಿನ ಒಪ್ಪಂದ ಮುಂದುವರಿಯದೆ ಲೀಗ್ ಅತಂತ್ರವಾದಾಗ, ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಸಂಬಳವನ್ನೇ ತಡೆಹಿಡಿಯುವುದಾಗಿ ಪ್ರಕಟಿಸಿತು. ಸುನಿಲ್ ಛೆಟ್ರಿ ಆಡುತ್ತಿದ್ದ ಕ್ಲಬ್ಬಿನ ಕತೆ ಇದು. ಇನ್ನು ಕೆಳಗಿನವರ ಪಾಡೇನು?

ಹೊರದೇಶಕ್ಕೆ ಹೋಗಬಹುದಲ್ಲ ಅಂತೀರಾ? ಛೆಟ್ರಿಯೇ 2009ರಲ್ಲಿ ಲಂಡನ್ನಿನ ಕ್ಯುಪಿಆರ್ ಕ್ಲಬ್ಬಿಗೆ ಸೇರಲು ಹೊರಟಿದ್ದರು. ಫಿಫಾ ರ‍್ಯಾಂಕಿಂಗ್‌ನಲ್ಲಿ ಭಾರತ ಮೊದಲ 70ರೊಳಗೆ ಇಲ್ಲ ಅಂತ ವರ್ಕ್ ಪರ್ಮಿಟ್ ಸಿಗಲಿಲ್ಲ. ಮುಂದೆ ದೇಶದ ನಾಯಕನಾದವರಿಗೇ ತೆರೆಯದ ಬಾಗಿಲು ಮುಳಬಾಗಿಲಿನ ಹುಡುಗನಿಗೆ ತೆರೆಯುತ್ತದೆಯೇ?

ಪ್ರತಿಭೆ ಇಲ್ಲ ಅನ್ನುವ ಮಾತನ್ನಂತೂ ಒಪ್ಪಬೇಡಿ. 2023ರಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಅದಕ್ಕೆ ಮೊದಲು ಗೆದ್ದದ್ದು 54 ವರ್ಷದ ಹಿಂದೆ, ಮೈಸೂರು ರಾಜ್ಯ ಅಂತ ಹೆಸರಿದ್ದಾಗ.

ಡೈರಿ ಕಟ್ಟಿದವರು ಕ್ಲಬ್ ಕಟ್ಟಲಾರರೇ?

ಕೊನೆಗೆ ಮತ್ತೆ ಬಸ್ಸಿಗೇ ಬರುತ್ತೇನೆ. 2020ರ ಡಿಸೆಂಬರ್ 12ರಂದು ನರಸಾಪುರದ ವಿಸ್ಟ್ರಾನ್ ಫ್ಯಾಕ್ಟರಿಯಲ್ಲಿ ಏನಾಯಿತು ಅಂತ ನಮಗೆ ನೆನಪಿದೆ. ಸಂಬಳದ ಬಾಕಿ, ಗುತ್ತಿಗೆ ಏಜೆನ್ಸಿಗಳ ಲೆಕ್ಕ, ಕೇಳಲು ಯೂನಿಯನ್ ಇಲ್ಲ. ಸಿಟ್ಟು ಕಲ್ಲಾಯಿತು. ಇಂಗ್ಲೆಂಡಿನ ಜರ್ನಿಮನ್ ಆಟಗಾರನೂ ಗುತ್ತಿಗೆಯವನೇ, ನಮ್ಮ ಹುಡುಗರೂ ಗುತ್ತಿಗೆಯವರೇ. ಅವನ ಕೈಯಲ್ಲಿ ಕಾಗದ ಇದೆ, ಹಿಂದೆ ಯೂನಿಯನ್ ಇದೆ. ಟೂರ್ನಮೆಂಟಿಗೆ ಹೋದ ನನ್ನ ಗೆಳೆಯನ ಕೈಯಲ್ಲಿ ಬಸ್ ಟಿಕೆಟ್ ಬಿಟ್ಟು ಬೇರೇನೂ ಇರಲಿಲ್ಲ.

ಕೋಲಾರದಲ್ಲಿ ರೆಕ್ಸ್‌ಹ್ಯಾಮ್ ಕಟ್ಟಿ ಅಂತ ನಾನು ಹೇಳುತ್ತಿಲ್ಲ. ವರ್ಷಪೂರ್ತಿ ನಡೆಯುವ ಒಂದು ಜಿಲ್ಲಾ ಲೀಗ್, ಆಡುವ ಪ್ರತಿಯೊಬ್ಬರಿಗೂ ನೋಂದಣಿ ಮತ್ತು ವಿಮೆ, ಎರಡು ಸಾಲಿನದ್ದಾದರೂ ಒಂದು ಒಪ್ಪಂದ ಪತ್ರ. ಇಷ್ಟು ಕೇಳುವುದು ಅತಿಯಾಸೆಯಲ್ಲ. ತಂಡ ಯಾರದ್ದಾಗಿರಬೇಕು ಅನ್ನುವುದಕ್ಕೆ ಉತ್ತರವೂ ನಮ್ಮ ಊರಲ್ಲೇ ಇದೆ. ಬರಗಾಲದ ಈ ಜಿಲ್ಲೆಯಲ್ಲಿ ಹಳ್ಳಿಹಳ್ಳಿಗೂ ಹಾಲಿನ ಸೊಸೈಟಿ ಕಟ್ಟಿ, ಲೀಟರ್ ಲೆಕ್ಕದಲ್ಲಿ ಮಾಲೀಕರಾದವರು ನಾವು. ಒಂದೆರಡು ಹಸು ಇರುವವರೆಲ್ಲ ಸೇರಿ ಡೈರಿ ನಡೆಸಬಹುದಾದರೆ, ಆಟ ನೋಡುವವರೆಲ್ಲ ಸೇರಿ ಕ್ಲಬ್ ಯಾಕೆ ನಡೆಸಬಾರದು?

ಇದನ್ನೇ ಗೆಳೆಯನಿಗೆ ಹೇಳಿದೆ. ನಕ್ಕ. "ಲೀಗ್ ಬಂದ್ರೆ ಹೇಳು ಮಗಾ. ಈ ಮಂಡಿಲಿ ಆಡೋಕಾಗಲ್ಲ, ಲೈನ್ಸ್‌ಮನ್ ಆಗಿಯಾದ್ರೂ ಬರ್ತೀನಿ" ಅಂದ. ಅಷ್ಟರಲ್ಲಿ ಬಸ್ ಬಂತು.