ಹಳೆಯ ಸ್ಟಿಕ್ ನಿಂತಿತು, ಮುಂದೇನು?

ಪ್ರಶ್ನೆ: ನಮ್ಮ ಹಳೆಯ ಫೈರ್ ಟಿವಿ ಸ್ಟಿಕ್‌ನಲ್ಲಿ ನೆಟ್‌ಫ್ಲಿಕ್ಸ್ ಬರುತ್ತಿಲ್ಲ. ಟಿವಿ ಚೆನ್ನಾಗಿದೆ. ಕಡಿಮೆ ಖರ್ಚಿನ ದಾರಿ ಇದೆಯೇ?
– ಓದುಗರು, ಬಸವನ ಬಾಗೇವಾಡಿ

ಉತ್ತರ: ಸ್ಟಿಕ್ ಕೆಟ್ಟಿರಲಿಕ್ಕಿಲ್ಲ. ಮೊದಲ ಪೀಳಿಗೆಯ ಫೈರ್ ಟಿವಿ ಸಾಧನಗಳಿಗೆ ನೆಟ್‌ಫ್ಲಿಕ್ಸ್ 2025ರ ಜೂನ್‌ನಲ್ಲಿ ಸೇವೆ ನಿಲ್ಲಿಸಿತು. ಆ್ಯಪ್‌ಗಳು ಬದಲಾಗುತ್ತಲೇ ಇರುತ್ತವೆ; ಹಳೆಯ ಚಿಪ್ಪಿಗೆ ಅವು ಭಾರವಾಗುತ್ತವೆ. ಹಾಗೆಂದು ಟಿವಿ ಬದಲಿಸುವ ಗೋಜಿಗೆ ದಯವಿಟ್ಟು ಹೋಗಬೇಡಿ. ಎಚ್‌ಡಿಎಂಐ ಕಿಂಡಿ ಇದ್ದರೆ ಹೊಸ ಸ್ಟಿಕ್ ಸಾಕು. ಟಿವಿ 4ಕೆ ಅಲ್ಲದಿದ್ದರೆ ಅಗ್ಗದ ಎಚ್‌ಡಿ ಮಾದರಿಯನ್ನೇ ಕೊಳ್ಳಿ. ದುಬಾರಿಯದರಿಂದ ಚಿತ್ರವೇನೂ ಹೆಚ್ಚು ಸ್ಪಷ್ಟವಾಗದು. ಮನೆಯಲ್ಲಿ ಎಚ್‌ಡಿಎಂಐ ಇರುವ ಹಳೆಯ ಲ್ಯಾಪ್‌ಟಾಪ್ ಇದ್ದರೆ ಒಂದು ಕೇಬಲ್‌ನಲ್ಲೇ ಕೆಲಸ ಮುಗಿಯಿತು.

ಎಲ್ಲ ಚಾನೆಲ್ ಪುಕ್ಕಟೆ ಎಂದು ಮಾರುವ ಹೆಸರಿಲ್ಲದ ಆಂಡ್ರಾಯ್ಡ್ ಬಾಕ್ಸ್ ಮಾತ್ರ ಬೇಡವೇ ಬೇಡ. ಅಂಥವುಗಳಲ್ಲಿ ಅಡಗಿರುವ ‘ಬ್ಯಾಡ್‌ಬಾಕ್ಸ್ 2.0’ ಎಂಬ ಕುತಂತ್ರಾಂಶದ ಬಗ್ಗೆ ಅಮೆರಿಕದ ಎಫ್‌ಬಿಐ 2025ರಲ್ಲಿ ಎಚ್ಚರಿಸಿದೆ. ಅದು ನಿಮ್ಮ ಮನೆಯ ಇಂಟರ್‌ನೆಟ್ಟನ್ನೇ ಕಳ್ಳರ ದಾರಿಯಾಗಿಸಬಲ್ಲದು.

ಮನೆಯ ಹಿರಿಯರಿಗೆ ಚಂದನ, ವಾರ್ತೆ ಸಾಕೆಂದರೆ ದೂರದರ್ಶನದ ಡಿಡಿ ಫ್ರೀ ಡಿಶ್ ಹಾಕಿಸಿ. 2004ರಲ್ಲಿ ಶುರುವಾದ ಈ ಸೇವೆಗೆ ಡಿಶ್, ಬಾಕ್ಸ್‌ಗೆ ಒಮ್ಮೆ ಕೊಟ್ಟರಾಯಿತು. ತಿಂಗಳ ಬಾಡಿಗೆಯೂ ಇಲ್ಲ, ಇಂಟರ್‌ನೆಟ್ಟೂ ಬೇಕಿಲ್ಲ.